ಕೊನೆಯ ಹಾಡಿಗೆ ಮೊದಲೇ ಏಳುವವರು

ಯಾವ ಕಾರ್ಯಕ್ರಮಕ್ಕೇ ಹೋಗಲಿ, ಮುಗಿಯುವುದಕ್ಕೆ ಕಾಲು ಗಂಟೆ ಮುಂಚೆ ಎದ್ದು ನಿಲ್ಲುವ ಒಂದು ಜಾತಿ ಇದೆ. ಮದುವೆಯಲ್ಲಿ ಧಾರೆ ಎರೆಯುವ ಹೊತ್ತಿಗೆ ಇವರ ಕಣ್ಣು ಊಟದ ಹಾಲಿನ ಬಾಗಿಲ ಮೇಲಿರುತ್ತದೆ. ಸಿನಿಮಾದಲ್ಲಿ ಖಳನಾಯಕ ಇನ್ನೂ ಸಾಯುತ್ತಿರುವಾಗಲೇ ಇವರು ಹೊರಗೆ ಗಾಡಿ ರಿವರ್ಸ್ ತೆಗೆಯುತ್ತಿರುತ್ತಾರೆ. ವಿಮಾನ ನೆಲ ಮುಟ್ಟಿ ಇನ್ನೂ ಓಡುತ್ತಿರುವಾಗಲೇ ಲಗೇಜ್ ಗೂಡಿನ ಕೆಳಗೆ ಕತ್ತು ಬಗ್ಗಿಸಿಕೊಂಡು ನಿಂತಿರುತ್ತಾರೆ. ಯಾಕೆ ಎಂದು ಕೇಳಿದರೆ ಉತ್ತರ ಒಂದೇ: "ಆಮೇಲೆ ರಶ್ ಆಗತ್ತೆ." ಆ ರಶ್ಶನ್ನು ಅವರು ಕಣ್ಣಾರೆ ಕಂಡವರಲ್ಲ; ಅಷ್ಟು ಹೊತ್ತು ಎಲ್ಲಾದರೂ ಕೂತಿದ್ದರೆ ತಾನೆ?

ಲಂಡನ್ನಿನ ಪಶ್ಚಿಮದ ಅಂಚಿನಲ್ಲಿರುವ ನಮ್ಮ ಫೆಲ್ಥಮ್‌ನಲ್ಲಿ ಈ ಜಾತಿ ಹುಲುಸಾಗಿ ಬೆಳೆದಿದೆ. ಹೀಥ್ರೋ ಪಕ್ಕದಲ್ಲೇ ಇರುವುದರಿಂದ ಇಲ್ಲಿ ಬಹಳ ಜನರಿಗೆ ಅನ್ನ ಹಾಕುವುದು ವಿಮಾನ ನಿಲ್ದಾಣವೇ. ಉಳಿದವರು ಊರಿಂದ ಬರುವ ಅತ್ತೆ ಮಾವಂದಿರನ್ನು ಕರೆತರುವ, ಕಳಿಸಿಬರುವ ಕೆಲಸದಲ್ಲಿ ಇರುತ್ತಾರೆ. ಎಲ್ಲಿಗಾದರೂ ಮೂರು ಗಂಟೆ ಮುಂಚೆ ಹೋಗಿ ಕಾಯುವುದು ಇಲ್ಲಿ ಕೇವಲ ಅಭ್ಯಾಸವಲ್ಲ, ಸಂಸ್ಕಾರ. ಇಂಥವರಲ್ಲಿ ಒಬ್ಬರನ್ನು ಅನುಕೂಲಕ್ಕಾಗಿ ರಾಯರು ಎಂದು ಕರೆಯುತ್ತೇನೆ. ಓದುಗರು ತಮ್ಮ ಪರಿಚಯದವರ ಹೆಸರು ಹಾಕಿಕೊಂಡು ಓದಿದರೂ ಅಡ್ಡಿಯಿಲ್ಲ. ಹೆಚ್ಚೇನೂ ಬದಲಾಯಿಸಬೇಕಾಗಿ ಬರಲಾರದು.

ರಾಯರು ಸಾಗರದ ಕಡೆಯವರು. ಸುರತ್ಕಲ್ಲಿನಲ್ಲಿ ಸಿವಿಲ್ ಇಂಜಿನಿಯರಿಂಗ್ ಓದಿ, ಜೀವನದಲ್ಲಿ ಒಂದು ಬಾಂಡ್ಲಿ ಸಿಮೆಂಟನ್ನೂ ಕಲಸದೆ ನೇರವಾಗಿ ಸಾಫ್ಟ್‌ವೇರಿಗೆ ಬಂದವರು. ಅವರ ಮನೆಯ ಫ್ರಿಜ್ಜಿನ ಬಾಗಿಲ ಮೇಲೆ ಯಾವ ವಾರ ಯಾವ ಬಣ್ಣದ ಕಸದ ಡಬ್ಬಿ ಹೊರಗಿಡಬೇಕು ಅನ್ನುವ ಪಟ್ಟಿ ಇದೆ, ಅದರ ಪಕ್ಕದಲ್ಲಿ ಏಕಾದಶಿಗಳ ಪಟ್ಟಿ ಇದೆ. ಎರಡಕ್ಕೂ ಒಂದೇ ಫಾಂಟು. ಫೆಲ್ಥಮ್ ಕನ್ನಡಿಗರ ಸೂಟ್‌ಕೇಸುಗಳು ಊರಿಗೆ ಹೊರಡುವ ಮುಂಚೆ ಒಮ್ಮೆ ರಾಯರ ಕೊಕ್ಕೆ ತಕ್ಕಡಿಗೆ ನೇತುಬಿದ್ದೇ ಹೋಗಬೇಕು. "ಇಪ್ಪತ್ಮೂರು ಪಾಯಿಂಟ್ ನಾಲ್ಕು. ಆ ಚಾಕೊಲೇಟ್ ಡಬ್ಬಿ ತೆಗೀರಿ" ಎಂದು ಅವರು ತೀರ್ಪು ಕೊಟ್ಟರೆ ಮೇಲ್ಮನವಿ ಇಲ್ಲ. ರಜೆಗೆ ಹೋದರೂ ಎಕ್ಸೆಲ್ ಹಾಳೆ ಜೊತೆಯಲ್ಲೇ ಬರುತ್ತದೆ. ಎಡಿನ್‌ಬರೋ ಕೋಟೆ ಹೇಗಿತ್ತು ಎಂದು ಕೇಳಿ ನೋಡಿ, "ಹನ್ನೊಂದೂವರೆಗೆ ಮುಗೀತು" ಅನ್ನುತ್ತಾರೆ.

ಇಂಥ ರಾಯರ ಹದಿನೈದು ವರ್ಷದ ಮಗಳು ಒಂದು ದಿನ ಊಟದ ಮೇಜಿನ ಮೇಲೆ ತನ್ನ ಬೇಡಿಕೆ ಇಟ್ಟಳು: ಓಟೂ ಅರೀನಾದಲ್ಲಿ 2025ರ ಮೇ 30ಕ್ಕೆ ಬೇಬಿಮೆಟಲ್ ಬರುತ್ತಿದೆ, ಹೋಗಲೇಬೇಕು. ನನ್ನ ಮಗಳೂ ಅವಳ ಜೊತೆಗಾತಿ. ಆ ವಯಸ್ಸಿನ ಹುಡುಗಿಯರ ಜೊತೆ ದೊಡ್ಡವರು ಇರಬೇಕಾದ್ದರಿಂದ ಇಬ್ಬರು ಅಪ್ಪಂದಿರು ಪುಕ್ಕಟೆ ಬೆಂಗಾವಲು.

ಬೇಬಿಮೆಟಲ್ ಎಂದರೆ ಏನು ಎಂಬ ವಿಚಾರಣೆ ಒಂದು ವಾರ ನಡೆಯಿತು. ಮೂರು ಜನ ಜಪಾನಿ ಹುಡುಗಿಯರು. 2010ರಲ್ಲಿ ಒಂದು ಶಾಲಾಮಕ್ಕಳ ಹಾಡು ಕುಣಿತದ ತಂಡದೊಳಗಿನ ಉಪತಂಡವಾಗಿ ಶುರುವಾದದ್ದು. ಮುಂದೆ ಪಾಪ್ ಹಾಡು, ಪುಟಾಣಿ ಕುಣಿತ; ಹಿಂದೆ ಕಿವಿ ಕಿತ್ತುಹೋಗುವ ಹೆವಿ ಮೆಟಲ್. ಅವರಿಗೆ ಅಪ್ಪಣೆ ಕೊಡಿಸುವುದು ನರಿ ದೇವರಂತೆ.

"ನರಿ ದೇವರೇ?" ರಾಯರು ಚಪಾತಿ ಕೈಯಲ್ಲೇ ಹಿಡಿದುಕೊಂಡು ಕೇಳಿದರು.

"ಅದಕ್ಕೇನೀಗ? ಬೆಳಿಗ್ಗೆ ನರಿ ಮುಖ ನೋಡಿದ್ರೆ ಒಳ್ಳೇದಾಗತ್ತೆ ಅಂತಾರೆ. ನೀವು ರಾತ್ರಿ ನೋಡ್ಕೊಂಡು ಬನ್ನಿ" ಎಂದು ಅತ್ತಿಗೆ, ಅಂದರೆ ರಾಯರ ಹೆಂಡತಿ, ಒಳಗಿನಿಂದಲೇ ಹೇಳಿದರು. ಅಭಿಮಾನಿಗಳು ಕೈಯೆತ್ತಿ ತೋರಿಸುವ ನರಿಯ ಗುರುತನ್ನು ಮಗಳು ಮಾಡಿ ತೋರಿಸಿದಾಗ ಅವರೇ ಹತ್ತಿರ ಬಂದು ಬೆರಳು ತಿದ್ದಿದರು. ನಡುಬೆರಳು, ಉಂಗುರದ ಬೆರಳು ಹೆಬ್ಬೆರಳಿಗೆ ತಾಗಿರಬೇಕು, ತೋರುಬೆರಳು, ಕಿರುಬೆರಳು ನೆಟ್ಟಗಿರಬೇಕು. "ಇದು ಸಿಂಹಮುಖ ಹಸ್ತ ಕಣೇ. ಐದು ವರ್ಷ ಭರತನಾಟ್ಯದ ಕ್ಲಾಸಿಗೆ ಫೀಸು ಕಟ್ಟಿದ್ದೀವಿ, ಕಿರುಬೆರಳು ಅಷ್ಟು ಸೊಟ್ಟಗೆ ಹಿಡೀತೀಯಲ್ಲ." ಹೋಮಕ್ಕೂ ಅದೇ ಹಸ್ತ, ಮೊಲಕ್ಕೂ ಅದೇ, ಆನೆಗೂ ಅದೇ, ಜಪಾನಿಗಳು ನರಿ ಅಂದರೆ ನಾವು ಜಗಳ ಆಡುವ ಹಾಗಿಲ್ಲ.

ರಾಯರು ಇನ್ನೂ ಬಗ್ಗದಿದ್ದಾಗ ಮಗಳು ಊರಭಿಮಾನದ ಅಸ್ತ್ರ ತೆಗೆದಳು. ಫೆಲ್ಥಮ್ ಅಂದರೆ ಕಸದ ಡಬ್ಬಿ ಮತ್ತು ವಿಮಾನದ ಸದ್ದು ಅಷ್ಟೇ ಅಲ್ಲ. ಜಾಂಜಿಬಾರಿನಿಂದ 1964ರಲ್ಲಿ ಬಂದ ಒಂದು ಪಾರ್ಸಿ ಸಂಸಾರ ಇಲ್ಲಿನ ಗ್ಲಾಡ್‌ಸ್ಟನ್ ಅವೆನ್ಯೂದಲ್ಲಿ ಮನೆ ಮಾಡಿತು. ಪಂಚಗಣಿಯ ಬೋರ್ಡಿಂಗ್ ಶಾಲೆಯಲ್ಲಿ ಓದಿದ ಅವರ ಹುಡುಗ ಫರೂಕ್ ಬಲ್ಸಾರಾ ಮುಂದೆ ಫ್ರೆಡ್ಡಿ ಮರ್ಕ್ಯುರಿ ಆದ. ಆ ಮನೆಗೆ 2016ರಲ್ಲಿ ನೀಲಿ ಫಲಕ ಹಾಕಿದ್ದಾರೆ. ಪೇಟೆಯ ನಡುವೆ ಅವನ ಹೆಸರಿನ ನಕ್ಷತ್ರವೊಂದನ್ನೂ ನೆಲದಲ್ಲಿ ಕೂರಿಸಿದ್ದರು. ಅವನ ಕ್ವೀನ್ ತಂಡ ಮೊದಲ ಸಲ ಜಪಾನಿಗೆ ಹೋಗಿ ಟೋಕಿಯೋದ ಬುಡೋಕಾನಿನಲ್ಲಿ ಹಾಡಿದ್ದು 1975ರ ಏಪ್ರಿಲಿನಲ್ಲಿ. ಆಮೇಲೆ ಜಪಾನಿ ಸಾಲುಗಳಿರುವ ಒಂದು ಹಾಡನ್ನೂ ಆ ತಂಡ ಮಾಡಿತು. "ನಮ್ಮೂರವನು ಅವರೂರಿಗೆ ಹೋಗಿ ಐವತ್ತು ವರ್ಷ ಆಯ್ತು ಅಪ್ಪ. ಈಗ ಅವರು ಬರ್ತಿದಾರೆ. ನಾವು ಹೋಗ್ದೇ ಇದ್ರೆ ಮರ್ಯಾದೆನಾ?"

ನಾವು ಹೋಗಿಬಂದ ಮನೆಯವರು ಬಂದಾಗ ಹೋಗಿ ನೋಡಿಬರಬೇಕು ಅನ್ನುವುದು ಸಾಗರದ ಕಡೆಯವರಿಗೆ ಅರ್ಥವಾಗುವ ಭಾಷೆ. ರಾಯರು ಲ್ಯಾಪ್‌ಟಾಪ್ ತೆರೆದರು. ಒಪ್ಪಿಗೆ ಸಿಕ್ಕಿತು ಎಂಬುದು ಇದರ ಅರ್ಥ. ಇನ್ನು ಮುಂದಿನದು ನಿಮ್ಮ ಕೈಯಲ್ಲಿಲ್ಲ ಎಂಬುದೂ ಇದರದೇ ಅರ್ಥ.

ಹುಡುಗಿಯರಿಗೆ ವೇದಿಕೆಯ ಮುಂದೆ ನಿಂತು ನೋಡುವ ಟಿಕೆಟ್ ಬೇಕಿತ್ತು. ರಾಯರು ಆರಿಸಿದ್ದು ಆಕಾಶಕ್ಕೆ ಹತ್ತಿರದ ನಾಲ್ಕುನೂರರ ಸರಣಿಯ ಬ್ಲಾಕಿನಲ್ಲಿ, ಮೆಟ್ಟಿಲಿಗೆ ಅಂಟಿಕೊಂಡ ನಾಲ್ಕು ಕುರ್ಚಿ. ವೇದಿಕೆ ಎಷ್ಟು ಕಾಣುತ್ತದೆ ಅಂತ ಅವರು ನೋಡಲಿಲ್ಲ, ಬಾಗಿಲು ಎಷ್ಟು ಹತ್ತಿರ ಅಂತ ನೋಡಿದರು. ದಾರಿಗಂತೂ ಮೂರು ಯೋಜನೆ. ಒಂದು, ಫೆಲ್ಥಮ್‌ನಿಂದ ರೈಲಿನಲ್ಲಿ ವಾಟರ್‌ಲೂ, ಅಲ್ಲಿಂದ ಜೂಬಿಲಿ ಲೈನಿನಲ್ಲಿ ನಾರ್ತ್ ಗ್ರೀನಿಚ್. ಎರಡು, ಬಸ್ಸಿನಲ್ಲಿ ಹ್ಯಾಟನ್ ಕ್ರಾಸ್, ಪಿಕಡಿಲಿ ಲೈನಿನಲ್ಲಿ ಗ್ರೀನ್ ಪಾರ್ಕ್, ಮತ್ತೆ ಜೂಬಿಲಿ. ಮೂರು, ಎಲಿಜಬೆತ್ ಲೈನಿನಲ್ಲಿ ಕೆನರಿ ವಾರ್ಫ್ ತನಕ ಹೋಗಿ ಒಂದೇ ಒಂದು ಸ್ಟೇಷನ್ ಜೂಬಿಲಿ. ಮೂರನೆಯದು ರೈಲು ಕೆಟ್ಟರೆ ಮಾತ್ರ. ಎರಡನೆಯದು ಮೊದಲನೆಯದೂ ಮೂರನೆಯದೂ ಒಟ್ಟಿಗೆ ಕೆಟ್ಟರೆ. ಶುಕ್ರವಾರ ಶನಿವಾರ ಜೂಬಿಲಿ ಲೈನು ರಾತ್ರಿಯಿಡೀ ಓಡುತ್ತದೆ, ವಾಟರ್‌ಲೂನಿಂದ ನಮ್ಮೂರಿಗೆ ಮಧ್ಯರಾತ್ರಿಯವರೆಗೂ ರೈಲಿದೆ, ಹೆದರಿಕೆ ಯಾಕೆ ಎಂದು ನಾನು ಕೇಳಿದೆ. "ಓಡತ್ತೆ ಸ್ವಾಮಿ. ಆದ್ರೆ ಹತ್ತೋಕಾಗ್ಬೇಕಲ್ಲ? ಇಪ್ಪತ್ತು ಸಾವಿರ ಜನ ಒಂದೇ ಸ್ಟೇಷನ್ನಿಗೆ ನುಗ್ಗಿದ್ರೆ? ಕೊನೇ ಹಾಡಿಗೆ ಮುಂಚೆ ಎದ್ದುಬಿಡೋದು. ತೀರ್ಮಾನ ಆಗಿದೆ." ಎಕ್ಸೆಲ್ ಹಾಳೆಯಲ್ಲಿ ಅದಕ್ಕೊಂದು ಸಾಲೇ ಇತ್ತು, ಹಳದಿ ಬಣ್ಣ ಹಚ್ಚಿ: ನಿರ್ಗಮನ.

ಊಟದ ಪ್ರಶ್ನೆ ಇದಕ್ಕಿಂತ ಗಂಭೀರ. ಎ4 ಕಾಗದಕ್ಕಿಂತ ದೊಡ್ಡ ಚೀಲ ಒಳಗೆ ಬಿಡುವುದಿಲ್ಲ, ಹೊರಗಿನ ತಿಂಡಿಗಂತೂ ಪ್ರವೇಶವೇ ಇಲ್ಲ. ಒಳಗೆ ಒಂದು ಪ್ಲೇಟು ಚಿಪ್ಸಿಗೆ ಕೊಡುವ ದುಡ್ಡಿನಲ್ಲಿ ಒಂದು ವಾರದ ತರಕಾರಿ ಬರುತ್ತದೆ ಎಂಬುದು ರಾಯರ ಲೆಕ್ಕ. ಹಾಗಾಗಿ ಪುಳಿಯೋಗರೆ ಮತ್ತು ಮೊಸರನ್ನವನ್ನು ಹಳೇ ಐಸ್‌ಕ್ರೀಮ್ ಡಬ್ಬಿಗಳಲ್ಲಿ ತುಂಬಿಕೊಂಡು ಹೋಗಿ ವಾಟರ್‌ಲೂ ಸ್ಟೇಷನ್ನಿನ ಆ ಪ್ರಸಿದ್ಧ ನಾಲ್ಕು ಮುಖದ ಗಡಿಯಾರದ ಕೆಳಗೆ ಮುಗಿಸುವುದೆಂದಾಯಿತು. ಸ್ಟೀಲ್ ಡಬ್ಬಿ ಬೇಡ, ಐಸ್‌ಕ್ರೀಮ್ ಡಬ್ಬಿಯಾದರೆ ತಿಂದು ಬಿಸಾಕಬಹುದು ಎಂದು ಅತ್ತಿಗೆ ಒತ್ತಿ ಹೇಳಿ ಕಳಿಸಿದ್ದರು. ತಿಂದ ಮೇಲೆ ರಾಯರಿಗೆ ಬಿಸಾಕಲು ಮನಸ್ಸು ಬರಲಿಲ್ಲ. ನಾಲ್ಕು ಖಾಲಿ ಡಬ್ಬಿಯನ್ನು ಒಂದರೊಳಗೊಂದು ಇಟ್ಟು, ಮುಚ್ಚಳಗಳನ್ನು ಜೇಬಿನಲ್ಲಿ ತುರುಕಿಕೊಂಡರು. ಅರೀನಾದ ಬಾಗಿಲಲ್ಲಿ ತಪಾಸಣೆಯ ಹುಡುಗ ಡಬ್ಬಿ ತೆರೆದು ಮೂಸಿ ನೋಡಿ, ಇಂಗಿನ ಘಾಟಿಗೆ ಒಂದು ಹೆಜ್ಜೆ ಹಿಂದೆ ಸರಿದು, ಏನೂ ಪ್ರಶ್ನೆ ಕೇಳದೆ ಬಿಟ್ಟುಬಿಟ್ಟ.

ರೈಲಿನಲ್ಲಿ ಹುಡುಗಿಯರು ನಮಗೆ ಪಾಠ ಮಾಡಿದ್ದರು. ಚಾಕೊಲೇಟಿನ ಬಗ್ಗೆ ಒಂದು ಹಾಡಿದೆ: ತಿನ್ನಬೇಕು, ಆದರೆ ತೂಕ ಹೆಚ್ಚಾದೀತು ಎಂಬ ಚಿಂತೆ. ವರ್ಷಕ್ಕೆರಡು ಸಲ ರಕ್ತ ಪರೀಕ್ಷೆ ಮಾಡಿಸಿಕೊಳ್ಳುವ ರಾಯರು "ಪಾಪ, ಈ ವಯಸ್ಸಿಗೇ" ಎಂದರು. ಅದೇ ತಂಡಕ್ಕೆ 'ಶಾಂತಿ ಶಾಂತಿ ಶಾಂತಿ' ಎಂಬ ಹೆಸರಿನ, ನಮ್ಮ ಕಡೆಯ ಧಾಟಿಯ ಹಾಡೂ ಇದೆ ಎಂದಾಗ "ಮೂರು ಸಲ ಸರಿಯಾಗಿ ಹೇಳ್ತಾರಾ?" ಎಂದಷ್ಟೇ ಕೇಳಿ ಸಮಾಧಾನಪಟ್ಟುಕೊಂಡರು.

ಡೋಮು ಕಣ್ಣಿಗೆ ಬಿದ್ದದ್ದೇ ರಾಯರೊಳಗಿನ ಸುರತ್ಕಲ್ ಎದ್ದು ಕೂತಿತು. ಓಟೂ ಅರೀನಾ ಕೂತಿರುವುದು ಹೊಸ ಸಹಸ್ರಮಾನದ ಹೆಸರಿನಲ್ಲಿ 2000ಕ್ಕೆ ತೆರೆದ ಹಳೇ ಮಿಲೆನಿಯಮ್ ಡೋಮಿನ ಹೊಟ್ಟೆಯೊಳಗೆ. ಒಂದು ವರ್ಷ ಪ್ರದರ್ಶನ ನಡೆಸಿ, ಸರ್ಕಾರಕ್ಕೆ ತಲೆನೋವಾಗಿ, ಕೊನೆಗೆ 2007ರಲ್ಲಿ ಸಂಗೀತದ ಅಖಾಡವಾಯಿತು. "ಡೋಮು ಅಂತ ಕರೀತಾರೆ, ಆದ್ರೆ ಡೋಮ್ ಅಲ್ಲ. ಕಂಬಗಳಿಂದ ಜಗ್ಗಿ ಕಟ್ಟಿರೋ ಗುಡಾರ. ವ್ಯಾಸ 365 ಮೀಟರ್, ಕಂಬ 12, ನಡುವಿನ ಎತ್ತರ 52 ಮೀಟರ್. ಏನು ಹೇಳಿ?" ಹುಡುಗಿಯರು ಆಗಲೇ ಟೀಶರ್ಟ್ ಮಾರುವ ಕಡೆ ಓಡಿಯಾಗಿತ್ತು, ಉತ್ತರ ಹೇಳುವ ಭಾರ ನನ್ನ ಮೇಲೆ ಬಿತ್ತು. "ದಿನ, ತಿಂಗಳು, ವಾರ" ಎಂದೆ. "ಕರೆಕ್ಟ್. ಪಂಚಾಂಗ ನೋಡಿ ಕಟ್ಟಿದಾರೆ. ಅಧಿಕ ಮಾಸಕ್ಕೆ ಮಾತ್ರ ಕಂಬ ಇಲ್ಲ." ಆಮೇಲೆ ಗುಡಾರದ ಒಂದು ಕಡೆ ಇರುವ ತೂತನ್ನು ತೋರಿಸಿದರು. ಕೆಳಗೆ ಹಾದುಹೋಗುವ ಬ್ಲ್ಯಾಕ್‌ವಾಲ್ ಸುರಂಗಕ್ಕೆ ಗಾಳಿಯಾಡಲು ಮೊದಲೇ ಅಲ್ಲೊಂದು ಕೊಳವೆ ಇತ್ತಂತೆ. ಅದಕ್ಕೆ ದಾರಿ ಬಿಟ್ಟು ಚಾವಣಿ ಹೊದಿಸಿದ್ದಾರೆ. "ಮೊದಲೇ ಪ್ಲಾನ್ ಮಾಡಿದ್ರು ನೋಡಿ" ಎಂದು ಆ ತೂತನ್ನು ಅವರು ನೋಡಿದ ಹಾಗೆ ಅಂದು ರಾತ್ರಿ ವೇದಿಕೆಯನ್ನೂ ನೋಡಲಿಲ್ಲ.

ಒಳಗೆ ನಮ್ಮ ಸಾಲಿನಲ್ಲಿ ರಾಯರ ಪಕ್ಕದ ಕುರ್ಚಿಯಲ್ಲಿ ಅರವತ್ತರ ಆಸುಪಾಸಿನ ಒಬ್ಬ ಜಪಾನಿ ಹಿರಿಯರು ಕೂತಿದ್ದರು. ಕಪ್ಪು ಟೀಶರ್ಟಿನ ಮೇಲೆ ಇಸ್ತ್ರಿಯ ಗೆರೆ. ಮೊಣಕಾಲ ಮೇಲೆ ಚಿಕ್ಕದೊಂದು ಚೀಲ. ಅದರಿಂದ ಒಂದೊಂದಾಗಿ ತೆಗೆದದ್ದನ್ನು ರಾಯರು ಓರೆಗಣ್ಣಿನಲ್ಲಿ ನೋಡುತ್ತಿದ್ದರು. ಕಿವಿಗೆ ಇಟ್ಟುಕೊಳ್ಳುವ ಬಿರಡೆ, ಒಂದು ಜೊತೆ ಹೆಚ್ಚುವರಿ. ಮಡಿಸಿದ ಟವಲು. ಪ್ಲಾಸ್ಟಿಕ್ ಕವರಿನೊಳಗೆ ಇಟ್ಟ ಅಚ್ಚು ಹಾಕಿದ ವೇಳಾಪಟ್ಟಿ, ಬಣ್ಣದ ಗೆರೆಗಳ ಸಮೇತ. ಕೊನೆಗೆ, ಚೌಕಾಕಾರವಾಗಿ ಮಡಿಸಿದ ಒಂದು ಕಸದ ಚೀಲ.

ಜೀವಮಾನವಿಡೀ ತನ್ನಂಥವರು ಇನ್ನೊಬ್ಬರಿಲ್ಲ ಎಂದು ನಂಬಿದ್ದ ಮನುಷ್ಯನಿಗೆ ಅಣ್ಣ ಸಿಕ್ಕ ಹಾಗಾಯಿತು. ರಾಯರು ತಮ್ಮ ಎಕ್ಸೆಲ್ ಹಾಳೆಯನ್ನು ಹೊರತೆಗೆದರು.

ಅವರ ಇಂಗ್ಲಿಷ್ ಇವರಿಗೆ ಅರ್ಧ ತಿಳಿಯದು, ಇವರದು ಅವರಿಗೆ ಕಾಲು. ಆದರೆ ಕೋಷ್ಟಕಕ್ಕೆ ಭಾಷೆ ಬೇಕಾಗಲಿಲ್ಲ. ಆ ಹಿರಿಯರು 2016ರ ಏಪ್ರಿಲಿನಲ್ಲಿ ವೆಂಬ್ಲಿ ಅರೀನಾಕ್ಕೂ ಬಂದಿದ್ದವರು, ಅದೇ ಸೆಪ್ಟೆಂಬರಿನಲ್ಲಿ ಟೋಕಿಯೋ ಡೋಮಿನಲ್ಲಿ ನಡೆದ ಎರಡು ರಾತ್ರಿಗಳಿಗೂ ಹೋಗಿದ್ದವರು. ಎರಡೂ ರಾತ್ರಿ ಸೇರಿ ತಂಡ ತನ್ನ ಹಾಡುಗಳನ್ನೆಲ್ಲ ಹಂಚಿ ಹಾಡಿತಂತೆ; ಮೊದಲ ದಿನ ಹಾಡಿದ ಒಂದೂ ಎರಡನೇ ದಿನ ಇಲ್ಲ. "ಡ್ಯೂಪ್ಲಿಕೇಟ್ ಇಲ್ಲ" ಎಂದು ರಾಯರು ನನ್ನ ಕಡೆ ತಿರುಗಿ ಭಾವುಕರಾಗಿ ಹೇಳಿದರು. ಮುಂದೆ ಟೋಕಿಯೋ ಡೋಮಿನ ಚಿತ್ರ ಬರೆಯಿಸಿಕೊಂಡರು. 1988ರಲ್ಲಿ ತೆರೆದದ್ದು, 55,000 ಜನ ಹಿಡಿಸುತ್ತದೆ. ಅದರ ಚಾವಣಿಗೆ ಕಂಬವೇ ಇಲ್ಲ, ಒಳಗಿನ ಗಾಳಿಯ ಒತ್ತಡವನ್ನು ಹೊರಗಿಗಿಂತ ಒಂಚೂರು ಹೆಚ್ಚು ಇಟ್ಟು ಉಬ್ಬಿಸಿ ನಿಲ್ಲಿಸಿದ್ದಾರೆ. ಆ ಗಾಳಿ ಸೋರದಿರಲಿ ಅಂತ ತಿರುಗುವ ಬಾಗಿಲುಗಳು. ಆಟ ಮುಗಿದು ದೊಡ್ಡ ಬಾಗಿಲು ತೆರೆದರೆ ಬೆನ್ನಿಗೆ ಗಾಳಿ ಬೀಸಿ ಜನರನ್ನು ಹೊರಕ್ಕೆ ನೂಕುತ್ತದೆ.

ಅಲ್ಲಿ ಟಿಕೆಟ್ಟೂ ದುಡ್ಡಿದ್ದ ಮಾತ್ರಕ್ಕೆ ಸಿಗುವುದಿಲ್ಲ. ಅರ್ಜಿ ಹಾಕಬೇಕು, ಚೀಟಿ ಎತ್ತಿದ ಹಾಗೆ ಆಯ್ಕೆ, ಹೆಸರು ಬಂದವರು ದುಡ್ಡು ಕಟ್ಟಬೇಕು. ಕುರ್ಚಿ ಯಾವುದು ಎಂಬುದು ಎಷ್ಟೋ ಸಲ ಕೊನೆಯವರೆಗೂ ಗೊತ್ತಾಗುವುದಿಲ್ಲ. ನೆಚ್ಚಿನ ಗಾಯಕಿಯ ಹೆಸರು ಬರೆದ ಬೀಸಣಿಗೆಯನ್ನು ಎದೆಮಟ್ಟಕ್ಕಿಂತ ಮೇಲೆ ಎತ್ತುವ ಹಾಗಿಲ್ಲ, ಹಿಂದಿನವರಿಗೆ ಮರೆಯಾಗುತ್ತದೆ. ಫೋಟೋ ತೆಗೆಯುವ ಹಾಗಿಲ್ಲ. ನಮ್ಮ ಕಡೆಯ ಸಂಗೀತ ಕಛೇರಿಯಲ್ಲಿ ಮುಂದಿನ ಸಾಲಿನವರ ಐಪ್ಯಾಡಿನೊಳಗೇ ಅರ್ಧ ಕಛೇರಿ ನೋಡಿಬಂದ ರಾಯರು "ಹಾ" ಎಂದು ಉಸಿರುಬಿಟ್ಟರು.

ಕೊನೆಗೆ ಆ ಹಿರಿಯರು ಹೇಳಿದ್ದು ಹೊರಡುವ ವಿಚಾರ. ಕಾರ್ಯಕ್ರಮ ಮುಗಿದು ದೀಪ ಹತ್ತಿದ ಮೇಲೆ ಯಾರೂ ಏಳುವುದಿಲ್ಲ. ಧ್ವನಿವರ್ಧಕದಲ್ಲಿ ಬ್ಲಾಕಿನ ಸಂಖ್ಯೆ ಕೂಗುತ್ತಾರೆ. ಆ ಬ್ಲಾಕಿನವರು ಎದ್ದು, ತಮ್ಮ ಕಸ ತಾವೇ ಎತ್ತಿಕೊಂಡು ಹೋಗುತ್ತಾರೆ. ಉಳಿದವರು ಕೂತೇ ಇರುತ್ತಾರೆ. ಐವತ್ತೈದು ಸಾವಿರ ಜನ.

"ಕೂತೇ ಇರ್ತಾರಾ?"

"ಹಾಯ್. ಕೂತೇ."

ರಾಯರು ಕನ್ನಡಕ ತೆಗೆದು ಒರೆಸಿಕೊಂಡರು. ಋಣ ಇಟ್ಟುಕೊಳ್ಳಬಾರದೆಂದು ತಾವೂ ಒಂದು ಚಿತ್ರ ಬರೆದುಕೊಟ್ಟರು: ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣ, ಹಬ್ಬದ ಹಿಂದಿನ ರಾತ್ರಿ. ಕಿಟಕಿಯಿಂದ ಟವಲು ಹಾಕಿ ಸೀಟು ಹಿಡಿಯುವುದನ್ನು ಬಾಣದ ಗುರುತಿನಲ್ಲಿ ತೋರಿಸಿದರು. ಜಪಾನಿ ಹಿರಿಯರು ಅದನ್ನು ಬಹಳ ಹೊತ್ತು ನೋಡಿ, ತಮ್ಮ ಟವಲನ್ನು ಮಡಿಸಿ ಚೀಲದೊಳಗಿಟ್ಟರು.

ಹಾಡಿನ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ನನಗೆ ಅದರಲ್ಲಿ ತೀರ್ಪು ಕೊಡುವ ಯೋಗ್ಯತೆ ಇಲ್ಲ. ಮೂವರೂ ದಣಿವರಿಯದೆ ಹಾಡಿದರು, ಕುಣಿದರು. ಡೋಲಿನ ಸದ್ದು ಕಿವಿಗಿಂತ ಮೊದಲು ಎದೆಗೂಡಿಗೆ ಬಂದು ತಾಗಿತು. ಅಂದು ಓಟೂದ ಇಪ್ಪತ್ತು ಸಾವಿರ ಟಿಕೆಟ್ಟೂ ಮಾರಾಟವಾಗಿತ್ತು. ಆ ಅಖಾಡದಲ್ಲಿ ಮುಖ್ಯ ತಂಡವಾಗಿ ನಿಂತ ಮೊದಲ ಜಪಾನಿ ತಂಡ ಇದು ಎಂಬ ಮಾತು ಸುತ್ತ ಎಲ್ಲರ ಬಾಯಲ್ಲೂ ಇತ್ತು. ಕೆಳಗೆ ನೆಲದಲ್ಲಿ ನಿಂತವರು ದೊಡ್ಡ ಸುತ್ತು ಕಟ್ಟಿಕೊಂಡು ಓಡುತ್ತಿದ್ದರು, ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಿದ್ದರು, ಬಿದ್ದವರನ್ನು ಎತ್ತಿ ನಿಲ್ಲಿಸಿ ಮತ್ತೆ ಡಿಕ್ಕಿ ಹೊಡೆಯುತ್ತಿದ್ದರು. ಹೊಗೆ, ಬೆಳಕಿನ ನಡುವೆ ತಂಡದ ಹುಡುಗಿಯರು ಪ್ರವೇಶ ಮಾಡಿದ ಗಳಿಗೆಗೆ ರಾಯರು ನನ್ನ ಕಿವಿಗೆ ಬಾಯಿ ಹಚ್ಚಿ ಕೂಗಿದ್ದು ಇಷ್ಟು: "ನಮ್ಮೂರ ಡೇರೆ ಮೇಳದಲ್ಲಿ ಮಹಿಷಾಸುರ ದೊಂದಿ ಹಿಡ್ಕೊಂಡು ಬರ್ತಿದ್ದಂಗೇ ಇದೆ ನೋಡಿ!" ಚಾಕೊಲೇಟ್ ಹಾಡಿಗೆ ಅವರ ಬಲಗೈ ತಾನಾಗಿ ಮೇಲೆದ್ದಿತ್ತು, ಸಿಂಹಮುಖ ಹಸ್ತದಲ್ಲಿ. ಕಿರುಬೆರಳು ನೆಟ್ಟಗಿತ್ತು. ಎತ್ತರ ಮಾತ್ರ ಎದೆಮಟ್ಟವೇ.

ಹಳದಿ ಸಾಲಿನ ಹೊತ್ತು ಬಂತು. ಗಡಿಯಾರ ನೋಡಿ ರಾಯರು ಎದ್ದರು, ನನಗೂ ಹುಡುಗಿಯರಿಗೂ ಕಣ್ಸನ್ನೆ ಮಾಡಿದರು. ಹುಡುಗಿಯರು ಕುರುಡರಾದರು. ಮೆಟ್ಟಿಲ ಕಡೆ ತಿರುಗಿದ ರಾಯರು ಒಮ್ಮೆ ಪಕ್ಕಕ್ಕೆ ನೋಡಿದರು. ಆ ಹಿರಿಯರು ಬೆನ್ನು ನೆಟ್ಟಗೆ, ಎರಡೂ ಕೈ ಮೊಣಕಾಲ ಮೇಲೆ, ಕೂತೇ ಇದ್ದರು. ಬೈಗುಳಕ್ಕೆ ಬಗ್ಗದವರು ಆ ಕೂತ ಭಂಗಿಗೆ ಬಗ್ಗಿದರು. ರಾಯರು ಮೆಲ್ಲಗೆ ಕೂತರು. ತಮ್ಮ ಮದುವೆಯೊಂದನ್ನು ಬಿಟ್ಟರೆ ಅವರು ಪೂರ್ತಿ ಮುಗಿಯುವ ತನಕ ನೋಡಿದ ಮೊದಲ ಕಾರ್ಯಕ್ರಮ ಇದು ಎಂದು ಅತ್ತಿಗೆ ಆಮೇಲೆ ಹೇಳಿದರು. ಮದುವೆಯಲ್ಲೂ ಆರತಕ್ಷತೆಗೆ ಮುಂಚೆ ಎದ್ದಿದ್ದರಂತೆ.

ದೀಪ ಹತ್ತಿತು. ಇಪ್ಪತ್ತು ಸಾವಿರ ಜನ ಒಮ್ಮೆಲೇ ಎದ್ದು ಬಾಗಿಲಿಗೆ ನುಗ್ಗಿದರು. ಹಿರಿಯರು ಅಲುಗಲಿಲ್ಲ, ಅವರು ಬ್ಲಾಕಿನ ಸಂಖ್ಯೆ ಕೂಗುವುದನ್ನು ಕಾಯುತ್ತಿದ್ದರು. ಲಂಡನ್ನಿನಲ್ಲಿ ಹಾಗೆ ಕೂಗುವುದಿಲ್ಲ ಎಂದು ಹೇಳುವ ಧೈರ್ಯ ರಾಯರಿಗಾಗಲಿಲ್ಲ. ಅವರೂ ಕಾದರು. ನಾವೂ ಕಾದೆವು. ಹುಡುಗಿಯರು ಮುಖ ದಪ್ಪ ಮಾಡಿಕೊಂಡು ಫೋನು ಒತ್ತುತ್ತಿದ್ದರು. ಹೊತ್ತು ಕಳೆಯಲೆಂದು ಹಿರಿಯರು ಕಸದ ಚೀಲ ಬಿಡಿಸಿ ತಮ್ಮ ಕಾಲಡಿಯ ಲೋಟ ಎತ್ತಿದರು. ಅದು ಅವರದಲ್ಲ, ಹಿಂದಿನ ಸಾಲಿನ ಯಾರದೋ ಬಿಯರ್ ಲೋಟ. ಸುಮ್ಮನೆ ಕೂರಲಾಗದೆ ರಾಯರೂ ಎತ್ತತೊಡಗಿದರು; ಐಸ್‌ಕ್ರೀಮ್ ಡಬ್ಬಿಗಳು ಉಪಯೋಗಕ್ಕೆ ಬಂದವು. ಒಬ್ಬರು ಎಡದಿಂದ, ಇನ್ನೊಬ್ಬರು ಬಲದಿಂದ, ಸಾಲಿನ ಮೇಲೆ ಸಾಲು. ಮೇಲಿನ ಬ್ಲಾಕು ಮುಗಿಯುತ್ತಾ ಬಂದಾಗ ಅಲ್ಲಿನ ಕೆಲಸದ ಹೆಂಗಸೊಬ್ಬರು ಬಂದು, ಇವರಿಬ್ಬರೂ ಹೊಸದಾಗಿ ಸೇರಿದವರೆಂದು ಎಣಿಸಿ, ಕೆಳಗಿನ ಬ್ಲಾಕಿಗೆ ಹೋಗಿ ಎಂದು ಹೇಳಿಬಿಟ್ಟರು. ರಾಯರು ಹೊರಟೇ ಇದ್ದರು. ಮಗಳು ಅಂಗಿ ಹಿಡಿದು ಎಳೆದಳು.

ಹೊರಗೆ ಬಂದರೆ ಆಶ್ಚರ್ಯ. ನಾರ್ತ್ ಗ್ರೀನಿಚ್ ಸ್ಟೇಷನ್ನಿನ ಮುಂದೆ ಕ್ಯೂ ಇಲ್ಲ. ತಡೆಗೋಲುಗಳನ್ನು ಎತ್ತಿ ಪಕ್ಕಕ್ಕಿಡುತ್ತಿದ್ದರು. ಮುಂಚೆ ಎದ್ದವರು, ಹೊತ್ತಿಗೆ ಸರಿಯಾಗಿ ಎದ್ದವರು, ಎಲ್ಲರೂ ನೂಕಾಡಿಕೊಂಡು ಹೋಗಿಯಾಗಿತ್ತು. ನಾವು ನಡೆದೇ ಒಳಗೆ ಹೋದೆವು, ಬಂದ ರೈಲಿನಲ್ಲಿ ಕೂತೇ ವಾಟರ್‌ಲೂ ತಲುಪಿದೆವು, ರಾಯರ ಹಾಳೆಯಲ್ಲಿ 'ಅನಿವಾರ್ಯವಾದರೆ' ಎಂದು ಬರೆದಿದ್ದ ಫೆಲ್ಥಮ್ ರೈಲು ಹಿಡಿದೆವು. ದಾರಿಯುದ್ದಕ್ಕೂ ರಾಯರು ಮಾತಾಡಲಿಲ್ಲ. ಟ್ವಿಕನ್‌ಹ್ಯಾಮ್ ದಾಟಿದ ಮೇಲೆ ಪೆನ್ನು ತೆಗೆದು ಹಳದಿ ಸಾಲನ್ನು ಹೊಡೆದುಹಾಕಿದರು.

ಮನುಷ್ಯ ಬದಲಾದ ಎಂದು ತಿಳಿದರೆ ಅದು ನಿಮ್ಮ ತಪ್ಪು. ಮುಂಚೆ ಏಳುವವರು ಕೊನೆಗೆ ಏಳುವವರಾದರು, ಅಷ್ಟೇ. ಅದರ ಪರಿಣಾಮವನ್ನು ನವೆಂಬರಿನಲ್ಲಿ ಒಂದು ಶಾಲೆಯ ಸಭಾಂಗಣದಲ್ಲಿ ನಡೆದ ನಮ್ಮ ರಾಜ್ಯೋತ್ಸವದಲ್ಲಿ ಉಣ್ಣಬೇಕಾಯಿತು, ಅಥವಾ ಉಣ್ಣದಿರಬೇಕಾಯಿತು. ನಮ್ಮ ಸಭೆಗಳ ರೀತಿ ಎಲ್ಲರಿಗೂ ಗೊತ್ತಿರುವುದೇ. 'ವಂದನಾರ್ಪಣೆ' ಎಂಬ ಶಬ್ದದ ಮೊದಲ ಅಕ್ಷರ ಮೈಕಿನಿಂದ ಹೊರಡುವಾಗಲೇ ಕುರ್ಚಿಗಳು ಕಿರ್ ಎನ್ನುತ್ತವೆ. ವಂದನೆ ಸ್ವೀಕರಿಸುವವರು ಅಷ್ಟು ಹೊತ್ತಿಗೆ ಬಿಸಿಬೇಳೆ ಬಾತಿನ ಮುಂದಿರುತ್ತಾರೆ. ಈ ಸಲ ರಾಯರು ಊಟದ ಸಮಿತಿಯಲ್ಲಿದ್ದರು. ಕುರ್ಚಿ ಸಾಲುಗಳಿಗೆ ಅಕ್ಷರ ಅಂಟಿಸಿದ್ದರು. ವಂದನಾರ್ಪಣೆ ಶುರುವಾಗುವ ಮುಂಚೆಯೇ ಮೈಕು ಕಿತ್ತುಕೊಂಡು, "ದಯವಿಟ್ಟು ಯಾರೂ ಏಳಬಾರದು. 'ಅ' ಸಾಲಿನವರು ಮೊದಲು. ಉಳಿದವರು ಕೂತಿರಿ. ನಿಮ್ಮ ಅಕ್ಷರ ಕೂಗುತ್ತೇವೆ" ಎಂದರು.

'ಅ' ಸಾಲಿನವರು ಮುಖ್ಯ ಅತಿಥಿಗಳು. ಅವರು ಫೋಟೋಗೆ ನಿಂತಿದ್ದರು, ಊಟಕ್ಕೆ ಬರಲಿಲ್ಲ. 'ಆ' ಸಾಲನ್ನು ಕೂಗಬೇಕೋ ಬೇಡವೋ ಎಂದು ಸಮಿತಿಯೊಳಗೆ ಚರ್ಚೆ ಹುಟ್ಟಿತು. ಅಷ್ಟರಲ್ಲಿ 'ಐ' ಸಾಲಿನಿಂದ ಒಬ್ಬ ಅಮ್ಮ ಎರಡು ವರ್ಷದ ಕೂಸನ್ನು ಎತ್ತಿಕೊಂಡು "ಮಗು ಹಸಿದಿದೆ" ಎನ್ನುತ್ತಾ ಹೊರಟರು. ಮಗುವಿಗೆ ರಿಯಾಯಿತಿ ಕೊಡದೆ ಇರಲಾದೀತೇ? ಒಳಗೆ ಹೋದ ಅಮ್ಮ ತಟ್ಟೆ ಹಿಡಿದರು. ಮಗು ಹಿಂಬಾಗಿಲಿನಿಂದ ವಾಪಸು ಬಂದು 'ಋ' ಸಾಲಿನ ಚಿಕ್ಕಮ್ಮನ ಸೊಂಟ ಸೇರಿತು. ಮತ್ತೆ ಹಸಿಯಿತು. ಅದೇ ಕೂಸು, ಅದೇ ಕೆಂಪು ಟೋಪಿ, ಬೇರೆ ಬೇರೆ ತಾಯಂದಿರ ತೋಳಲ್ಲಿ ಬಾಗಿಲು ದಾಟುತ್ತಲೇ ಇತ್ತು. ಹಿರಿಯರೊಬ್ಬರು "ನಂಗೆ ಶುಗರ್ ಕಣಪ್ಪ" ಎಂದು ಎದ್ದರು. ಅವರ ಹಿಂದೆ ಇಡೀ 'ಒ' ಸಾಲಿಗೆ ಶುಗರ್ ಬಂತು. ರಾಯರು ಮಾತ್ರ ಮೈಕು ಹಿಡಿದು, ಖಾಲಿಯಾಗುತ್ತಿದ್ದ ಕುರ್ಚಿಗಳಿಗೆ 'ಇ', 'ಈ' ಎಂದು ಅಕ್ಷರಾಭ್ಯಾಸ ಮಾಡಿಸುತ್ತಲೇ ಇದ್ದರು. ಮಾತಿಗೆ ಕಟ್ಟುಬಿದ್ದು ಕೊನೆಯವರೆಗೆ ಕೂತವರಿಗೆ ಹೋಳಿಗೆ ಇರಲಿಲ್ಲ, ತುಪ್ಪ ಇತ್ತು.

ಇದರಿಂದ ರಾಯರು ಕುಗ್ಗಿದರೆಂದು ಯಾರಾದರೂ ಹೇಳಿದರೆ ನಂಬಬೇಡಿ. ಈಗ ಅವರ ಹಾಳೆಯಲ್ಲಿ ಟೋಕಿಯೋ ಇದೆ. ಟಿಕೆಟ್ಟಿನ ಚೀಟಿಗೆ ಅರ್ಜಿ ಹಾಕುವುದು ಹೇಗೆ ಎಂದು ಮಗಳನ್ನು ಕೂರಿಸಿಕೊಂಡು ಕಲಿಯುತ್ತಿದ್ದಾರೆ. ಯಾರ ಕಾರ್ಯಕ್ರಮವಾದರೂ ಅಡ್ಡಿಯಿಲ್ಲವಂತೆ, ಡೋಮಿನಲ್ಲಿ ಆಗಬೇಕು, ತುಂಬಿರಬೇಕು. "ನಂಗೆ ಪರೀಕ್ಷೆ ಇದೆ, ನಾನು ಬರಲ್ಲ" ಎಂದು ಮಗಳು ಕೈತೊಳೆದುಕೊಂಡಿದ್ದಾಳೆ.

"ಇವ್ರು ಹಾಡು ಕೇಳೋಕೆ ಹೋಗ್ತಿಲ್ಲ ಕಣ್ರೀ" ಎಂದು ಅತ್ತಿಗೆ ಮೊನ್ನೆ ಕಾಫಿ ಕೊಡುತ್ತಾ ನನ್ನ ಹತ್ತಿರ ದೂರಿದರು. "ಮುಗಿದ ಮೇಲೆ ಜನ ಹೆಂಗೆ ಹೊರಗೆ ಬರ್ತಾರೆ ಅಂತ ನೋಡೋಕೆ ಹೋಗ್ತಿದಾರೆ. ಅದಕ್ಕೆ ವಿಮಾನದ ಚಾರ್ಜು ಬೇರೆ."

"ಹಾಗಾದ್ರೆ ಟಿಕೆಟ್ ಯಾಕೆ ರಾಯರೇ?" ಎಂದೆ ತಮಾಷೆಗೆ. "ಹಾಡು ಮುಗಿಯೋ ಹೊತ್ತಿಗೆ ಬಾಗಿಲ ಹೊರಗೆ ನಿಂತ್ಕೊಂಡ್ರೂ ಕಾಣತ್ತಲ್ಲ."

ರಾಯರು ಲೋಟ ಕೆಳಗಿಟ್ಟರು. ಲ್ಯಾಪ್‌ಟಾಪ್ ಹತ್ತಿರಕ್ಕೆ ಎಳೆದುಕೊಂಡು ಕೇಳಿದರು: "ಯಾವ ಬಾಗಿಲು?"